ಎತ್ತರದ ದುಡಿಮೆಯೂ ಎಚ್ಚರದ ಪಾಠವೂ

ಎತ್ತರವನ್ನು ಏರಿ ದುಡಿಯುವುದು ಕನ್ನಡ ನಾಡಿಗೆ ಹೊಸತೇನೂ ಅಲ್ಲ. ಕಾಲಿಗೆ ತಳೆ ತೊಟ್ಟು, ಅಡಿಕೆಮರದ ತುದಿಗೇರಿ, ಅಲ್ಲಿಂದಲೇ ಪಕ್ಕದ ಮರಕ್ಕೆ ದಾಟುವ ಶಿರಸಿ ಸೀಮೆಯ ಕೊನೆಗೌಡನನ್ನು ಬೆರಗಿನಿಂದ ನೋಡುತ್ತ ಬೆಳೆದವರು ನಮ್ಮಲ್ಲಿ ಅನೇಕರಿದ್ದಾರೆ. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆಂದು 58 ಅಡಿ ಎತ್ತರದ ಗೊಮ್ಮಟನ ಬೆನ್ನ ಹಿಂದೆ ಅಟ್ಟಣಿಗೆ ಕಟ್ಟುವವರನ್ನು, ಸುರಿಯುವ ಮಳೆಯಲ್ಲಿ ವಿದ್ಯುತ್ ಕಂಬವೇರುವ ಲೈನ್‌ಮನ್‌ನನ್ನು, ಗಾರೆ ಕೆಲಸದ ಸಾರವೆಯ ಮೇಲೆ ಬುಟ್ಟಿ ಹೊತ್ತು ನಡೆಯುವ ಹೆಂಗಸರನ್ನು ಕಾಣದವರು ಯಾರು? ಒಮಾನಿನಲ್ಲಿಯೂ ಇಂಥದೇ ಒಂದು ವಿದ್ಯೆಯುಂಟು. ಇಲ್ಲಿನ ರೈತರು ‘ಹಾಬೂಲ್’ ಎಂಬ ಹಗ್ಗವನ್ನು ಸೊಂಟಕ್ಕೂ ಮರಕ್ಕೂ ಸುತ್ತಿ, ಹಿಂದಕ್ಕೆ ಒರಗಿ, ಹೆಜ್ಜೆ ಹೆಜ್ಜೆಯಾಗಿ ಖರ್ಜೂರದ ಮರವನ್ನು ಏರುತ್ತಾರೆ.

ಈ ಹಳೆಯ ಕಸುಬುಗಳಲ್ಲಿ ಅಪಾಯವಿರಲಿಲ್ಲವೆಂದು ನಾನು ಹೇಳಲಾರೆ. ಮರದಿಂದ ಬಿದ್ದು ಸೊಂಟ ಮುರಿದುಕೊಂಡವರ ಸಂಸಾರಗಳನ್ನು ನಾವೆಲ್ಲರೂ ಬಲ್ಲೆವು. ಆದರೆ ಆ ಕಸುಬಿನಲ್ಲಿ ಗುರುವೊಬ್ಬನಿರುತ್ತಿದ್ದ. ಅಪ್ಪನೋ ಸೋದರಮಾವನೋ ಹುಡುಗನನ್ನು ಮೊದಲು ನೆಲದ ಮೇಲೆ ನಿಲ್ಲಿಸಿ, ಹಗ್ಗದ ಗುಂಟ ಜಾರಿ ಬರುವ ಕೊನೆಗಳನ್ನು ಹಿಡಿಯಲು ಕಲಿಸುತ್ತಿದ್ದ. ಆಮೇಲೆ ಗಿಡ್ಡ ಮರ, ಅನಂತರ ಎತ್ತರದ ಮರ. ತುದಿಯನ್ನು ಮುಟ್ಟುವ ಹೊತ್ತಿಗೆ ಮೈಗೆ ಭಯದ ಪರಿಚಯವೂ ಆಗಿರುತ್ತಿತ್ತು, ಭಯದ ಮದ್ದೂ ತಿಳಿದಿರುತ್ತಿತ್ತು.

ಇಂದು ಯಂತ್ರ ಬಂದಿದೆ. ಒಂದು ಕಟಕಟೆ, ಅದರೊಳಗೊಂದು ಹಿಡಿಕೆ. ಹಿಡಿಕೆಯನ್ನು ಮುಂದಕ್ಕೆ ಒತ್ತಿದರೆ, ನಿನ್ನೆ ತಾನೇ ವಿಮಾನದಿಂದ ಇಳಿದ ಹುಡುಗನೂ ಕೆಲವೇ ಕ್ಷಣಗಳಲ್ಲಿ ಅರವತ್ತು ಅಡಿ ಮೇಲಿರುತ್ತಾನೆ. ಯಂತ್ರವು ಏರುವ ಶ್ರಮವನ್ನು ಕಳೆಯಿತು. ಅದರ ಜೊತೆಗೆ ಏರುವುದನ್ನು ಕಲಿಯುವ ಕಾಲವನ್ನೂ ಕಳೆದುಬಿಟ್ಟಿತು. ಈ ಲೇಖನದ ಕಾಳಜಿ ಇಷ್ಟೇ: ಕಳೆದುಹೋದ ಆ ಕಲಿಕೆಯ ಕಾಲವನ್ನು ತುಂಬುವವರು ಯಾರು, ಯಾವ ಭಾಷೆಯಲ್ಲಿ?

ಗೃಹಿಣಿಯೊಬ್ಬಳು ಯಂತ್ರಗಳ ವಿಷಯ ಬರೆಯುವುದನ್ನು ಕಂಡು ಸಮ್ಮೇಳನದ ಪ್ರತಿನಿಧಿಗಳಿಗೆ ಅಚ್ಚರಿಯಾಗಬಹುದು. ಸ್ಮರಣ ಸಂಚಿಕೆಗಳಲ್ಲಿ ನಮ್ಮಂಥವರಿಂದ ಹಬ್ಬದ ಅಡುಗೆ, ಮಕ್ಕಳ ಕನ್ನಡ ಕಲಿಕೆ ಇತ್ಯಾದಿಗಳನ್ನು ನಿರೀಕ್ಷಿಸುವುದು ವಾಡಿಕೆ. ಆದರೆ ಮಸ್ಕತ್ತಿನಲ್ಲಿ ಬಹಳ ವರ್ಷ ಬಾಳಿದವರ ಮನೆಗೆ ಹಬ್ಬದ ದಿನ ಬರುವವರಲ್ಲಿ ವೈದ್ಯರು, ಲೆಕ್ಕಪರಿಶೋಧಕರು ಇರುವಂತೆಯೇ ಕ್ಯಾಂಪುಗಳಲ್ಲಿ ವಾಸಿಸುವ ಹುಡುಗರೂ ಇರುತ್ತಾರೆ. ಅವರ ಮಾತನ್ನು ಕಿವಿಗೊಟ್ಟು ಕೇಳಿದವರಿಗೆ ಈ ಯಂತ್ರಗಳ ಹೆಸರು ತಾನಾಗಿಯೇ ಪರಿಚಯವಾಗುತ್ತದೆ.

ಮೋಡ ಮುಟ್ಟದ ಊರಿನಲ್ಲಿ ಎತ್ತರದ ಕೆಲಸ

ಮಸ್ಕತ್ ನಗರವು ದುಬೈಯಂತೆ ಗಗನಚುಂಬಿ ಕಟ್ಟಡಗಳ ಊರಲ್ಲ. ಬೋಳು ಬೆಟ್ಟಗಳ ಮಡಿಲಲ್ಲಿ ಬಿಳಿಯ, ತಗ್ಗಿನ ಮನೆಗಳು. ಅದೇ ಅದರ ಚೆಲುವು. ಆದರೂ ಎತ್ತರದ ಕೆಲಸಕ್ಕೆ ಇಲ್ಲಿ ಬರವಿಲ್ಲ. 2001ರಲ್ಲಿ ತೆರೆದ ಸುಲ್ತಾನ್ ಖಾಬೂಸ್ ಮಹಾಮಸೀದಿಯ ಗುಮ್ಮಟವು ನೆಲದಿಂದ ಸುಮಾರು 50 ಮೀಟರ್ ಎತ್ತರಕ್ಕೇರಿದೆ. ಅದರಡಿಯಲ್ಲಿ ತೂಗುವ ದೀಪಗುಚ್ಛವೊಂದೇ 14 ಮೀಟರ್ ಉದ್ದದ್ದು. 2011ರಲ್ಲಿ ರಾಯಲ್ ಒಪೆರಾ ಹೌಸ್, 2018ರಲ್ಲಿ ವಿಮಾನ ನಿಲ್ದಾಣದ ಹೊಸ ಟರ್ಮಿನಲ್ ಬಂದವು. ಅಗಲವಾದ ಹೆದ್ದಾರಿಗಳ ಉದ್ದಕ್ಕೂ ಸಾಲು ದೀಪಗಳಿವೆ. ಮಾಲುಗಳ ಗಾಜು, ಗೋದಾಮುಗಳ ಚಾವಣಿ, ಸೊಹಾರ್ ಮತ್ತು ದುಕ್ಮ್ ಬಂದರುಗಳ ಕಾರ್ಖಾನೆಗಳು, ಮರಳುಗಾಡಿನ ತೈಲ ಕ್ಷೇತ್ರಗಳು ಇವೆ. ಇವೆಲ್ಲವನ್ನೂ ಯಾರೋ ಒಬ್ಬರು ಏರಿ ಒರಸಬೇಕು, ಬೆಸೆಯಬೇಕು, ಬಣ್ಣ ಬಳಿಯಬೇಕು, ಬಲ್ಬು ಬದಲಿಸಬೇಕು.

ಏಣಿ ಮತ್ತು ಸಾರವೆಯ ಸ್ಥಾನದಲ್ಲಿ ಇಂದು ಹೆಚ್ಚಾಗಿ ಕಾಣುವುದು ಕೊಲ್ಲಿ ದೇಶಗಳಲ್ಲಿ ಎಲ್ಲರೂ ‘ಮ್ಯಾನ್‌ಲಿಫ್ಟ್’ ಎಂದು ಕರೆಯುವ ಯಂತ್ರ. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಕತ್ತರಿಯಂತೆ ಹೆಣೆದ ಉಕ್ಕಿನ ತೋಳುಗಳ ಮೇಲೆ ನೇರವಾಗಿ ಮೇಲೇಳುವ ಸಿಸರ್ ಲಿಫ್ಟ್. ಇನ್ನೊಂದು, ಆನೆಯ ಸೊಂಡಿಲಿನಂತೆ ಚಾಚಿ, ಮಡಚಿ, ಅಡ್ಡಿಗಳನ್ನು ದಾಟಿ ಬುಟ್ಟಿಯನ್ನು ಮುಂದೊಯ್ಯುವ ಬೂಮ್ ಲಿಫ್ಟ್. ಬೀದಿ ದೀಪದವರು ಬಳಸುವ, ಲಾರಿಯ ಬೆನ್ನಿಗೇರಿಸಿದ ಬುಟ್ಟಿಯೂ ಈ ಎರಡನೆಯ ಕುಲಕ್ಕೇ ಸೇರಿದ್ದು.

ಈ ಯಂತ್ರದ ಹುಟ್ಟು ಸ್ವಾರಸ್ಯಕರವಾದದ್ದು. 1944ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜೇ ಐಟೆಲ್ ಎಂಬಾತ ಚೆರ್ರಿ ಹಣ್ಣು ಕೀಳಲು ಏಣಿ ಹತ್ತಿಳಿಯುವ ಬೇಸರ ಕಳೆಯಲೆಂದು ಇಂಥದೊಂದು ಸಾಧನವನ್ನು ರೂಪಿಸಿದನಂತೆ. ಹೀಗಾಗಿ ಇಂದಿಗೂ ಇಂಗ್ಲಿಷಿನಲ್ಲಿ ಅದಕ್ಕೆ ‘ಚೆರ್ರಿ ಪಿಕ್ಕರ್’ ಎಂಬ ಅಡ್ಡಹೆಸರು. 1951ರಲ್ಲಿ ಕೆನಡಾದ ಟೆಡ್ ಥಾರ್ನ್‌ಟನ್-ಟ್ರಂಪ್ ಹೈಡ್ರಾಲಿಕ್ ಬಲದಿಂದ ಚಲಿಸುವ ‘ಜಿರಾಫೆ’ಯನ್ನು ವಿನ್ಯಾಸಗೊಳಿಸಿದ. 1970ರಲ್ಲಿ ಪೆನ್ಸಿಲ್ವೇನಿಯಾದ ಜಾನ್ ಗ್ರೋವ್ ಅವರ ಸಂಸ್ಥೆ ತನ್ನ ಮೊದಲ ಲಿಫ್ಟನ್ನು ಮಾರುಕಟ್ಟೆಗೆ ತಂದಿತು. ತೋಟದ ಹಣ್ಣಿಗಾಗಿ ಹುಟ್ಟಿದ ಬುಟ್ಟಿ ಹೀಗೆ ಕಾರ್ಖಾನೆಗೆ, ಬೀದಿಗೆ, ಮರಳುಗಾಡಿಗೆ ಬಂದಿತು.

ಸುರಕ್ಷಿತ ಯಂತ್ರ ಕೊಲ್ಲುವುದು ಹೇಗೆ?

ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸಬೇಕು. ಏಣಿಗೆ, ಹಗ್ಗ ಬಿಗಿದ ಬಿದಿರಿನ ಸಾರವೆಗೆ ಹೋಲಿಸಿದರೆ ಮ್ಯಾನ್‌ಲಿಫ್ಟ್ ಬಹಳ ಸುರಕ್ಷಿತವಾದದ್ದು. ಸುತ್ತಲೂ ಕಟಕಟೆ, ನಿಲ್ಲಲು ಸಮತಟ್ಟಾದ ತಳ, ವಾಲಿದರೆ ಕೂಗುವ ಎಚ್ಚರಿಕೆಯ ಗಂಟೆ, ತುರ್ತಾಗಿ ನಿಲ್ಲಿಸಲು ಕೆಂಪು ಗುಂಡಿ ಎಲ್ಲವೂ ಅದರಲ್ಲಿವೆ. ಅಷ್ಟಿದ್ದರೂ ಸಾವುಗಳು ಸಂಭವಿಸುತ್ತವೆ. ಬಲ್ಲವರು ಅವುಗಳ ಕಾರಣಗಳನ್ನು ಮುಖ್ಯವಾಗಿ ಐದು ಗುಂಪುಗಳಾಗಿ ವಿಂಗಡಿಸುತ್ತಾರೆ: ಬುಟ್ಟಿಯಿಂದ ಬೀಳುವುದು, ಯಂತ್ರವೇ ಮಗುಚುವುದು, ಮೇಲಿನ ತೊಲೆಗೂ ಕಟಕಟೆಗೂ ನಡುವೆ ಸಿಲುಕಿ ಜಜ್ಜಿಹೋಗುವುದು, ವಿದ್ಯುತ್ ತಂತಿಯ ಸ್ಪರ್ಶ, ಮತ್ತು ರಸ್ತೆಯ ಮೇಲೆ ವಾಹನ ಬಂದು ಯಂತ್ರಕ್ಕೆ ಗುದ್ದುವುದು.

ಬೀಳುವುದೆಂದರೆ ಕಟಕಟೆಯ ಮೇಲೆ ಹತ್ತಿ ನಿಂತವನು ಜಾರುವುದು ಮಾತ್ರವಲ್ಲ. ಬೂಮ್ ಲಿಫ್ಟಿನ ತೋಳು ಉದ್ದನೆಯ ಗಳುವಿನಂತೆ. ಕೆಳಗಿನ ಚಕ್ರವು ಒಂದು ಚಿಕ್ಕ ಗುಂಡಿಗೆ ಇಳಿದರೂ, ಲಾರಿಯೊಂದು ತುಸು ತಾಗಿದರೂ ತುದಿಯಲ್ಲಿರುವ ಬುಟ್ಟಿ ಚಿಮ್ಮುತ್ತದೆ. ಕವಣೆಯಿಂದ ಕಲ್ಲು ಹಾರುವಂತೆ ಒಳಗಿದ್ದವನು ಹೊರಗೆ ಹಾರುತ್ತಾನೆ. ಆದುದರಿಂದಲೇ ಬೂಮ್ ಲಿಫ್ಟಿನಲ್ಲಿ ನಿಂತವನು ಬೆಲ್ಟು ಧರಿಸಬೇಕು, ಅದರ ಹಗ್ಗ ಗಿಡ್ಡದಾಗಿರಬೇಕು, ಕೊಕ್ಕೆಯನ್ನು ಬುಟ್ಟಿಯೊಳಗೆ ಅದಕ್ಕೆಂದೇ ಮಾಡಿರುವ ಬಳೆಗೆ ಹಾಕಿರಬೇಕು. ಇಪ್ಪತ್ತಡಿ ಎತ್ತರದಿಂದ ಬೀಳುವವನು ನೆಲ ಮುಟ್ಟಲು ಒಂದು ಸೆಕೆಂಡಿಗಿಂತ ತುಸುವೇ ಹೆಚ್ಚು ಕಾಲ ಸಾಕು. ಆಗ ಅವನ ವೇಗ ಗಂಟೆಗೆ ಸುಮಾರು 39 ಕಿಲೋಮೀಟರ್. ಕೈಗೆ ಏನನ್ನಾದರೂ ಹಿಡಿಯೋಣವೆಂದು ಮನಸ್ಸು ಯೋಚಿಸುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ.

ಗಾಳಿಯ ವಿಷಯವಂತೂ ಇನ್ನೂ ಕಣ್ಣಿಗೆ ಕಾಣದ್ದು. ಹೊರಾಂಗಣದಲ್ಲಿ ಬಳಸುವ ಬಹುಪಾಲು ಲಿಫ್ಟುಗಳಿಗೆ ತಯಾರಕರು ನಿಗದಿಪಡಿಸುವ ಮಿತಿ ಸೆಕೆಂಡಿಗೆ 12.5 ಮೀಟರ್, ಅಂದರೆ ಗಂಟೆಗೆ 45 ಕಿಲೋಮೀಟರ್. ಒಳಾಂಗಣಕ್ಕೆಂದೇ ಮಾಡಿದ ಕೆಲವು ಲಿಫ್ಟುಗಳಿಗೆ ಗಾಳಿಯ ಮಿತಿ ಸೊನ್ನೆ. ಅಂದರೆ ಅವುಗಳನ್ನು ಅಂಗಳಕ್ಕೂ ತರುವಂತಿಲ್ಲ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ನೆಲದ ಮೇಲೆ ಹಿತವಾಗಿರುವ ತಂಗಾಳಿ ಮೇಲೆ ಹಾಗಿರುವುದಿಲ್ಲ. ಜಾಹೀರಾತಿನ ಅಗಲವಾದ ಹಲಗೆಯನ್ನು ಬುಟ್ಟಿಗೆ ಏರಿಸಿದರೆ ಅದು ಹಡಗಿನ ಹಾಯಿಯಾಗುತ್ತದೆ.

ಅಮೆರಿಕದಲ್ಲಿ ನೆಲೆಸಿರುವ ಪ್ರತಿನಿಧಿಗಳಲ್ಲಿ ಕೆಲವರಿಗೆ 2010ರ ಅಕ್ಟೋಬರ್ 27ರ ದುರ್ಘಟನೆ ನೆನಪಿರಬಹುದು. ಇಂಡಿಯಾನಾದ ನೋಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ 20 ವರ್ಷದ ವಿದ್ಯಾರ್ಥಿಯೊಬ್ಬ ಫುಟ್‌ಬಾಲ್ ಅಭ್ಯಾಸದ ಚಿತ್ರೀಕರಣಕ್ಕೆಂದು ಸಿಸರ್ ಲಿಫ್ಟ್ ಏರಿದ್ದ. ಗಂಟೆಗೆ 50 ಮೈಲಿಗೂ ಮೀರಿದ ಗಾಳಿಯ ರಭಸಕ್ಕೆ ಲಿಫ್ಟ್ ಮಗುಚಿ ಅವನು ಅಸುನೀಗಿದ. ತನಿಖೆ ನಡೆಸಿದ ರಾಜ್ಯದ ಕಾರ್ಮಿಕ ಸುರಕ್ಷತಾ ಇಲಾಖೆಯು 2011ರ ಮಾರ್ಚ್‌ನಲ್ಲಿ 77,500 ಡಾಲರುಗಳ ದಂಡವನ್ನು ಸೂಚಿಸಿತು. ಲಿಫ್ಟ್ ಬಳಸುವವರಿಗೆ ತಕ್ಕ ತರಬೇತಿ ನೀಡದಿದ್ದುದೂ ಆರೋಪಗಳಲ್ಲಿ ಒಂದಾಗಿತ್ತು. ಸಿರಿವಂತ ದೇಶ, ಪ್ರತಿಷ್ಠಿತ ವಿದ್ಯಾಸಂಸ್ಥೆ, ಇಂಗ್ಲಿಷ್ ಬಲ್ಲ ಹುಡುಗ. ಅಲ್ಲಿಯೇ ಹೀಗಾದರೆ, ಇಂಗ್ಲಿಷೂ ಅರಬ್ಬಿಯೂ ಅರಿಯದ ಹುಡುಗನ ಪಾಡು ಏನು?

ಒಮಾನಿನ ನೆಲ, ಗಾಳಿ, ಬಿಸಿಲು

ಪ್ರತಿಯೊಂದು ದೇಶದಲ್ಲಿಯೂ ಈ ಯಂತ್ರಕ್ಕೆ ಆ ದೇಶದ್ದೇ ಆದ ಶತ್ರುಗಳಿರುತ್ತಾರೆ. ಒಮಾನಿನಲ್ಲಿ ಮೊದಲನೆಯದು ಬಿಸಿಲು. 2018ರ ಜೂನ್ 26ರಂದು ಕುರಯ್ಯಾತ್ ಎಂಬ ಕಡಲತೀರದ ಊರಿನಲ್ಲಿ ಇಡೀ ದಿನ, ಇರುಳೂ ಸೇರಿ, ಉಷ್ಣಾಂಶವು 42.6 ಡಿಗ್ರಿಗಿಂತ ಕೆಳಗೆ ಇಳಿಯಲೇ ಇಲ್ಲ. ಅಂಥ ಧಗೆಯಲ್ಲಿ ಕಬ್ಬಿಣದ ಕಟಕಟೆಯನ್ನು ಬರಿಗೈಯಿಂದ ಹಿಡಿಯಲಾಗದು. ತಲೆ ಸುತ್ತಿದರೆ ಕೂರಲು ನೆರಳಿಲ್ಲ. ಮೂರಡಿ ಅಗಲದ ಬುಟ್ಟಿಯಲ್ಲಿ ಮಲಗಲು ಸ್ಥಳವಿಲ್ಲ. ಮೇಲಿದ್ದವನೇ ಮೂರ್ಛೆ ಹೋದರೆ ಬುಟ್ಟಿಯನ್ನು ಇಳಿಸುವವರಾರು? ಈ ದೇಶದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ನಿಯಮಾವಳಿಯು, ಅಂದರೆ 2008ರ 286ನೆಯ ಸಂಖ್ಯೆಯ ಸಚಿವಾಲಯದ ಆದೇಶವು, ಜೂನ್‌ನಿಂದ ಆಗಸ್ಟ್‌ವರೆಗೆ ನಡುಮಧ್ಯಾಹ್ನ 12.30ರಿಂದ 3.30ರವರೆಗೆ ಬಯಲಿನ ಕೆಲಸವನ್ನು ನಿಲ್ಲಿಸಬೇಕೆಂದು ವಿಧಿಸಿತು. ಬೇಸಿಗೆಯ ಮಧ್ಯಾಹ್ನ ಕಟ್ಟಡಗಳ ನೆರಳಿನಲ್ಲಿ ಹೆಲ್ಮೆಟ್ಟನ್ನೇ ತಲೆದಿಂಬಾಗಿಸಿಕೊಂಡು ಮಲಗಿರುವ ಕೆಲಸಗಾರರ ಸಾಲು ಈ ನಿಯಮದ ಫಲ.

ಎರಡನೆಯದು ನೆಲ. ಒಮಾನಿನ ಅನೇಕ ಕಡೆ ‘ಸಬ್ಖಾ’ ಎಂಬ ಉಪ್ಪುನೆಲವಿದೆ. ಮೇಲೆ ಹಪ್ಪಳದಂತೆ ಗಟ್ಟಿಯಾದ ಪದರ, ಒಳಗೆ ಕೆಸರು. ಕಾಲಿಟ್ಟು ನೋಡಿದವನಿಗೆ ಭದ್ರವೆನಿಸಿದ ನೆಲವು ಹತ್ತಾರು ಟನ್ನಿನ ಯಂತ್ರದ ಒಂದು ಚಕ್ರದಡಿ ಕುಸಿಯಬಹುದು. ವಾದಿಗಳೆಂಬ ಒಣ ಹೊಳೆಗಳ ಮರಳು, ಹೊಸದಾಗಿ ಮುಚ್ಚಿದ ಕಾಲುವೆಯ ಮಣ್ಣು ಸಹ ಹಾಗೆಯೇ. ಬುಟ್ಟಿ ಎತ್ತರದಲ್ಲಿದ್ದಾಗ ಚಕ್ರವು ಒಂದೆರಡು ಅಂಗುಲ ಕುಸಿದರೂ ಮೇಲೆ ಅದು ಹಲವು ಅಡಿಗಳ ಓಲಾಟವಾಗುತ್ತದೆ.

ಮೂರನೆಯದು ಗಾಳಿ ಮತ್ತು ಮಳೆ. ದಕ್ಷಿಣದ ಸಲಾಲಾದಲ್ಲಿ ಖರೀಫ್ ಕಾಲ ಬಂದರೆ ನಮ್ಮ ಮಲೆನಾಡನ್ನೇ ನೆನಪಿಸುವ ಮಂಜು, ಜಿಟಿಜಿಟಿ ಮಳೆ. ಪ್ರವಾಸಿಗರಿಗೆ ಅದು ಸ್ವರ್ಗ. ಒದ್ದೆ ಬುಟ್ಟಿಯಲ್ಲಿ ನಿಂತು ದೀಪದ ತಂತಿ ಹಿಡಿದವನಿಗೆ ಅದೇ ಮಾತು ಸಲ್ಲದು. ಇನ್ನು ಚಂಡಮಾರುತಗಳು: 2007ರ ಗೋನು, 2010ರ ಫೆಟ್, 2018ರ ಮೆಕುನು, 2021ರ ಶಾಹೀನ್. ಇಂಥ ಪ್ರತಿಯೊಂದು ಹಾವಳಿಯ ನಂತರವೂ ಮುರಿದ ದೀಪಸ್ತಂಭ, ಹರಿದ ತಂತಿ, ಕಿತ್ತುಹೋದ ಫಲಕಗಳನ್ನು ಸರಿಪಡಿಸಬೇಕು. ನೆಲ ಇನ್ನೂ ಒದ್ದೆ, ಕೆಲಸಕ್ಕೆ ಅವಸರ, ಎಲ್ಲರಿಗೂ ವಿದ್ಯುತ್ ಬೇಗ ಬರಲೆಂಬ ಹಂಬಲ. ನಾವು ಕತ್ತಲೆಯಲ್ಲಿ ಕುಳಿತು ದೀಪಕ್ಕಾಗಿ ಕಾಯುವ ಆ ಹೊತ್ತೇ, ಬುಟ್ಟಿಯಲ್ಲಿ ನಿಂತವನಿಗೆ ಅತ್ಯಂತ ಗಂಡಾಂತರದ ಹೊತ್ತು.

ಇಷ್ಟಾಗಿ ಒಮಾನಿನಲ್ಲಿ ಕಾನೂನಿಲ್ಲವೆಂದು ಯಾರೂ ಭಾವಿಸಬಾರದು. 2003ರ 35ನೆಯ ರಾಜಾಜ್ಞೆಯ ಕಾರ್ಮಿಕ ಕಾನೂನು, ಕೆಲಸಗಾರನಿಗೆ ಅವನ ಕೆಲಸದ ಅಪಾಯಗಳನ್ನೂ ರಕ್ಷಣೆಯ ಉಪಾಯಗಳನ್ನೂ ಮುಂಚಿತವಾಗಿಯೇ ತಿಳಿಸುವ ಹೊಣೆಯನ್ನು ಮಾಲಿಕನ ಮೇಲೆ ಹೊರಿಸಿತ್ತು. ಅದರ ಸ್ಥಾನದಲ್ಲಿ 2023ರ ಜುಲೈನಲ್ಲಿ 53ನೆಯ ರಾಜಾಜ್ಞೆಯ ಹೊಸ ಕಾನೂನು ಬಂದಿತು. ತೈಲ ಕ್ಷೇತ್ರದಲ್ಲಿ ಶಿಸ್ತು ಇನ್ನೂ ಬಿಗಿ. ಅಂತರರಾಷ್ಟ್ರೀಯ ತೈಲೋತ್ಪಾದಕರ ಒಕ್ಕೂಟವು 2018ರಲ್ಲಿ ಒಂಬತ್ತಕ್ಕೆ ಇಳಿಸಿ ಸರಳಗೊಳಿಸಿದ ‘ಜೀವರಕ್ಷಕ ನಿಯಮ’ಗಳಲ್ಲಿ ಎತ್ತರದ ಕೆಲಸವೂ ಒಂದು. ಆದರೆ ದೊಡ್ಡ ಕಂಪನಿಯ ಗೇಟಿನೊಳಗಿನ ಶಿಸ್ತು, ಗುತ್ತಿಗೆಯ ಕೆಳಗೆ ಉಪಗುತ್ತಿಗೆ, ಅದರ ಕೆಳಗೆ ಇನ್ನೊಬ್ಬ ಮೇಸ್ತ್ರಿ ಎಂದು ಇಳಿಯುತ್ತ ಹೋದಂತೆ ತೆಳುವಾಗುತ್ತದೆ. ನಮ್ಮ ಹುಡುಗರಲ್ಲಿ ಹಲವರು ಇರುವುದು ಆ ತೆಳುವಾದ ಜಾಗದಲ್ಲಿ.

ಸಹಿ ಮಾಡಿದ ಕಾಗದ

ಕೆಲವು ವರ್ಷಗಳ ಹಿಂದಿನ ದೀಪಾವಳಿ. ಊಟಕ್ಕೆ ಬಂದವರಲ್ಲಿ ಗದಗದ ಕಡೆಯ ಹುಡುಗನೊಬ್ಬನಿದ್ದ. ಕಟ್ಟಡಗಳ ನಿರ್ವಹಣೆಯ ಚಿಕ್ಕ ಕಂಪನಿಯೊಂದರಲ್ಲಿ ಕೆಲಸ. ಎಲ್ಲರೂ ಹೋಳಿಗೆ ಮುಗಿಸಿ ಮಾತಿಗೆ ಕುಳಿತಾಗ ಅವನು ಜೇಬಿನಿಂದ ಮಡಚಿದ ಕಾಗದವೊಂದನ್ನು ತೆಗೆದು ನನ್ನ ಮುಂದಿಟ್ಟ.

“ಅಕ್ಕಾರ, ಇದ್ರಾಗ ಏನ್ ಬರ್ದಾರ ಸ್ವಲ್ಪ ಓದಿ ಹೇಳ್ರಿ. ಸಹಿ ಅಂತೂ ನಾ ಮಾಡೇನ್ರಿ.”

ಇಂಗ್ಲಿಷಿನ ಕಾಗದ. ಮ್ಯಾನ್‌ಲಿಫ್ಟಿನ ಸುರಕ್ಷಿತ ಬಳಕೆಯ ಬಗ್ಗೆ ತಾನು ತರಬೇತಿ ಪಡೆದಿರುವುದಾಗಿಯೂ, ಎಲ್ಲವನ್ನೂ ಅರ್ಥಮಾಡಿಕೊಂಡಿರುವುದಾಗಿಯೂ ಅದರಲ್ಲಿತ್ತು. ಕೆಳಗೆ ಅವನದೇ ಸಹಿ, ದುಂಡನೆಯ ಕನ್ನಡದಲ್ಲಿ. ತರಬೇತಿ ಎಷ್ಟು ಹೊತ್ತು ನಡೆಯಿತೆಂದು ಕೇಳಿದೆ. ಕಾಗದ ಕೊಟ್ಟವರು ಬೆಲ್ಟನ್ನೂ ಕೊಟ್ಟರೆಂದೂ, ಅಂದಿನಿಂದಲೇ ಸಹಾಯಕನಾಗಿ ಬುಟ್ಟಿಯೇರಿ ಬಲ್ಬು ಬದಲಿಸುತ್ತಿರುವೆನೆಂದೂ ಹೇಳಿದ. ಮೂರು ವಾರಗಳಾಗಿದ್ದವು. ಬೆಲ್ಟಿನ ಕೊಕ್ಕೆಯನ್ನು ಎಲ್ಲಿಗೆ ಹಾಕುತ್ತೀಯಪ್ಪಾ ಎಂದು ಅಲ್ಲಿಯೇ ಕುಳಿತಿದ್ದ ನಮ್ಮ ನೆರೆಮನೆಯವರು ವಿಚಾರಿಸಿದರು. ಅವರು ಕಾರ್ಖಾನೆಯೊಂದರಲ್ಲಿ ಸುರಕ್ಷತಾ ಅಧಿಕಾರಿ, ಮಂಗಳೂರಿನ ಕಡೆಯವರು.

“ಮ್ಯಾಲಿನ ಕಬ್ಬಿಣದ ತೊಲಿಗಿ ಹಾಕ್ತೇನ್ರಿ ಸರ. ಬುಟ್ಟಿ ಅಳ್ಳಾಡತೈತಿ, ತೊಲಿ ಗಟ್ಟಿ ಇರತೈತಿ ಅಲ್ರಿ.”

ಎಷ್ಟು ಸಹಜವಾದ ತರ್ಕ! ಅಲುಗಾಡುವುದಕ್ಕಿಂತ ಅಲುಗಾಡದ್ದನ್ನು ನಂಬಬೇಕೆಂದು ಯಾರಿಗೆ ತಾನೆ ಅನಿಸದು? ಆದರೆ ಸುರಕ್ಷತಾ ಅಧಿಕಾರಿಗಳ ಮುಖ ಗಂಭೀರವಾಯಿತು. ತೊಲೆಗೆ ಕೊಕ್ಕೆ ಸಿಕ್ಕಿಸಿದ ಹೊತ್ತಿನಲ್ಲಿ ಜೊತೆಗಾರ ಹಿಡಿಕೆ ಒತ್ತಿ ಬುಟ್ಟಿಯನ್ನು ಇಳಿಸಿದರೆ ಏನಾಗುತ್ತದೆಂಬುದನ್ನು ಅವರು ಒಂದು ಲೋಟ, ಒಂದು ದಾರ ಹಿಡಿದು ತೋರಿಸಿದರು. ಬುಟ್ಟಿ ಕೆಳಗೆ ಹೋಗುತ್ತದೆ, ಬೆಲ್ಟು ಮೇಲೆಯೇ ಉಳಿಯುತ್ತದೆ. ನಡುವೆ ಇರುವ ಮನುಷ್ಯ ಕಟಕಟೆಯ ಮೇಲಿನಿಂದ ಎಳೆಯಲ್ಪಟ್ಟು ಹೊರಗೆ ತೂಗುತ್ತಾನೆ. ಹುಡುಗ ಆ ದಾರವನ್ನೇ ಬಹಳ ಹೊತ್ತು ನೋಡುತ್ತ ಕುಳಿತ. ಆಮೇಲೆ ಅವನು ಕೇಳಿದ್ದು ಒಂದೇ ಪ್ರಶ್ನೆ: “ಇದನ್ನ ಸೂಪರ್‌ವೈಸರ್ ಮುಂದ ಹೇಳಿದ್ರ ಊರಿಗೆ ಕಳಸ್ತಾರೇನ್ರಿ?”

ಈ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣುವಂತಿಲ್ಲ. ಊರಿನಲ್ಲಿ ಸಾಲ ಮಾಡಿ ವೀಸಾಕ್ಕೆ ಹಣ ಕಟ್ಟಿ ಬಂದವನಿಗೆ ಅರವತ್ತಡಿ ಎತ್ತರಕ್ಕಿಂತ ಮರಳಿ ಹೋಗುವ ವಿಮಾನದ ಭಯವೇ ದೊಡ್ಡದು. ಆದರೂ ಅವನು ಕೇಳಿದ. ಮೊದಲ ಫಲವಾಗಿ ಅವನನ್ನು ಲಿಫ್ಟಿನ ಕೆಲಸದಿಂದ ಬಿಡಿಸಿ ನೆಲ ಒರೆಸುವ ಕೆಲಸಕ್ಕೆ ಹಾಕಿದರು. ಎರಡು ತಿಂಗಳು ಓವರ್‌ಟೈಮ್ ಹಣವಿಲ್ಲ. ಆ ಎರಡು ತಿಂಗಳು ಊರಿಗೆ ಕಡಿಮೆ ಹಣ ಹೋಯಿತು. ಅನಂತರ ಅವರು ಯಂತ್ರ ಬಾಡಿಗೆಗೆ ಕೊಡುವವರ ಒತ್ತಾಯದಿಂದ ನಾಲ್ಕೈದು ಮಂದಿಯನ್ನು ತರಬೇತಿಗೆ ಕಳಿಸಿದಾಗ ಇವನ ಹೆಸರೂ ಸೇರಿತು. ಪಾಠ ಹಿಂದಿಯಲ್ಲಿ ನಡೆಯಿತಂತೆ. ‘ಅರ್ಧ ತಿಳೀತ್ರಿ, ಅರ್ಧ ನೋಡಿ ಕಲತೆ’ ಎಂದ.

ತರಬೇತಿ ಎಂದರೇನು?

ಒಂದು ಕಾಗದಕ್ಕೆ ಸಹಿ ಹಾಕಿಸುವುದು ತರಬೇತಿಯಲ್ಲ. ಈ ಕ್ಷೇತ್ರದಲ್ಲಿ ಹೆಸರಾದ ಸಂಸ್ಥೆ, 1983ರಲ್ಲಿ ಸ್ಥಾಪನೆಯಾದ ಐಪ್ಯಾಫ್ ಎಂಬ ಅಂತರರಾಷ್ಟ್ರೀಯ ಒಕ್ಕೂಟ. ಅದರ ತರಬೇತಿಯಲ್ಲಿ ಪಾಠ, ಲಿಖಿತ ಪರೀಕ್ಷೆ, ಯಂತ್ರದ ಮೇಲೆ ಪ್ರತ್ಯಕ್ಷ ಪರೀಕ್ಷೆ ಮೂರೂ ಇವೆ. ತೇರ್ಗಡೆಯಾದವರಿಗೆ ದೊರೆಯುವ ‘ಪಾಲ್ ಕಾರ್ಡ್’ ಐದು ವರ್ಷ ಊರ್ಜಿತ. ಕಾರ್ಡಿನಲ್ಲಿ ಯಂತ್ರದ ವರ್ಗವೂ ನಮೂದಾಗಿರುತ್ತದೆ: ಸಿಸರ್ ಲಿಫ್ಟ್ ಕಲಿತವನು ಅದೊಂದರ ಬಲದಿಂದ ಬೂಮ್ ಲಿಫ್ಟ್ ಓಡಿಸುವಂತಿಲ್ಲ. ಚಾಲಕರ ತರಬೇತಿಗೆಂದೇ ಐಎಸ್‌ಒ 18878 ಎಂಬ ಅಂತರರಾಷ್ಟ್ರೀಯ ಮಾನದಂಡವೂ ಇದೆ. ಕೊಲ್ಲಿ ದೇಶಗಳ ಸೈಟುಗಳಲ್ಲಿ ಹುಡುಗರು ‘ಥರ್ಡ್ ಪಾರ್ಟಿ ಇದೆಯೇ?’ ಎಂದು ಕೇಳುವುದು ಇಂಥ ಹೊರಗಿನ ಸಂಸ್ಥೆ ನೀಡುವ ಪ್ರಮಾಣಪತ್ರವನ್ನು ಕುರಿತೇ. ಅದು ಚಾಲಕನಿಗೂ ಬೇಕು, ಯಂತ್ರಕ್ಕೂ ಬೇಕು. ಬ್ರಿಟನ್ನಿನ 1998ರ ನಿಯಮಗಳಂತೆ ಮನುಷ್ಯರನ್ನು ಎತ್ತುವ ಯಂತ್ರವನ್ನು ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಬಲ್ಲವರಿಂದ ಪರೀಕ್ಷಿಸಬೇಕು.

ಕಾರ್ಡು ದೊರೆತ ಮೇಲೂ ಮುಗಿಯಲಿಲ್ಲ. ಪ್ರತಿಯೊಂದು ಮಾದರಿಯ ಹಿಡಿಕೆ, ಗುಂಡಿ, ತೂಕದ ಮಿತಿ ಬೇರೆ ಬೇರೆ. ಕೈಗೆ ಬಂದ ಹೊಸ ಯಂತ್ರವನ್ನು ಮೊದಲು ನೆಲದಲ್ಲಿಯೇ ಪರಿಚಯ ಮಾಡಿಕೊಳ್ಳಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಕೆಳಗೆ ನಿಂತವನಿಗೂ ತರಬೇತಿ ಬೇಕು. ಪ್ರತಿ ಲಿಫ್ಟಿನ ಬುಡದಲ್ಲಿಯೂ ತುರ್ತಾಗಿ ಬುಟ್ಟಿಯನ್ನು ಇಳಿಸುವ ವ್ಯವಸ್ಥೆ ಇರುತ್ತದೆ. ಅದು ಎಲ್ಲಿದೆ ಎಂದು ನೆಲದ ಮೇಲಿರುವ ಒಬ್ಬರಿಗಾದರೂ ಗೊತ್ತಿರಬೇಕು. ಬೆಲ್ಟಿನಲ್ಲಿ ತೂಗುತ್ತಿರುವವನ ಕಾಲಿನಲ್ಲಿ ರಕ್ತ ನಿಲ್ಲತೊಡಗುತ್ತದೆ. ಅವನನ್ನು ಉಳಿಸುವುದು ನಿಮಿಷಗಳ ಲೆಕ್ಕ.

ಭಾಷೆಯ ಮಾತಿಗೆ ಬರೋಣ. ಅಮೆರಿಕದ ಕಾರ್ಮಿಕ ಸುರಕ್ಷತಾ ಆಡಳಿತವು 2010ರ ಏಪ್ರಿಲ್‌ನಲ್ಲಿ ಒಂದು ಸ್ಪಷ್ಟನೆ ನೀಡಿತು: ತರಬೇತಿಯನ್ನು ಕೆಲಸಗಾರನಿಗೆ ತಿಳಿಯುವ ಭಾಷೆಯಲ್ಲಿ, ತಿಳಿಯುವ ಪದಗಳಲ್ಲಿ ಕೊಡಬೇಕು, ಓದು ಬಾರದವನಿಗೆ ಓದಲು ಕಾಗದ ಕೊಟ್ಟರೆ ಸಾಲದು. ಕನ್ನಡ ಉಳಿಯಬೇಕೆಂದು ನಾವು ಸಮ್ಮೇಳನಗಳಲ್ಲಿ ಮಾತನಾಡುವಾಗ ಕಾವ್ಯವನ್ನೂ ರಂಗಭೂಮಿಯನ್ನೂ ನೆನೆಯುತ್ತೇವೆ. ಕನ್ನಡವು ಒಬ್ಬ ಮನುಷ್ಯನನ್ನೂ ಉಳಿಸಬಲ್ಲುದೆಂಬುದು ಆ ದೀಪಾವಳಿಯ ದಿನ ನನಗೆ ಹೊಳೆಯಿತು.

ಹತ್ತು ಪ್ರಶ್ನೆಗಳ ಪಟ್ಟಿ

ಮುಂದಿನ ಕೆಲವು ವಾರಗಳಲ್ಲಿ ನಾವು ಮೂರು ನಾಲ್ಕು ಮಂದಿ ಸೇರಿ, ಆ ಸುರಕ್ಷತಾ ಅಧಿಕಾರಿಗಳ ಮಾರ್ಗದರ್ಶನದಲ್ಲಿ, ಒಂದು ಪುಟದ ಕನ್ನಡ ಪಟ್ಟಿಯನ್ನು ಸಿದ್ಧಪಡಿಸಿದೆವು. ಪದಗಳ ಬಗ್ಗೆ ಸಾಕಷ್ಟು ಚರ್ಚೆಯಾಯಿತು. ಕಲಾ ಪದವೀಧರೆಯಾದ ನನ್ನ ಒಲವು ‘ಸುರಕ್ಷಾ ಕವಚ’ದಂಥ ಪದಗಳತ್ತ, ಹುಡುಗರ ಬಾಯಲ್ಲಿರುವುದು ‘ಬೆಲ್ಟು’. ಕೊನೆಗೆ ಕೆಲಸ ಮಾಡುವವನ ಪದವೇ ಗೆದ್ದಿತು. ಆ ಪಟ್ಟಿಯನ್ನು ಇಲ್ಲಿ ಕೊಡುತ್ತಿದ್ದೇನೆ. ಯಾರು ಬೇಕಾದರೂ ಬಳಸಬಹುದು.

1. ಈ ಯಂತ್ರವನ್ನು ಓಡಿಸುವವನಿಗೆ ಇದೇ ಬಗೆಯ ಯಂತ್ರದ ಕಾರ್ಡು ಇದೆಯೇ, ಅದರ ಅವಧಿ ಮುಗಿದಿಲ್ಲವೇ?

2. ಯಂತ್ರದ ಪರೀಕ್ಷೆ ಯಾವಾಗ ಆಗಿದೆ? ಇಂದು ಬೆಳಗ್ಗೆ ಟೈರು, ಎಣ್ಣೆ ಸೋರಿಕೆ, ಬ್ರೇಕು, ಗುಂಡಿಗಳನ್ನು ನೋಡಿದ್ದೀರಾ?

3. ನೆಲ ಗಟ್ಟಿಯಾಗಿ, ಸಮವಾಗಿ ಇದೆಯೇ? ಗುಂಡಿ, ಮುಚ್ಚಿದ ಚರಂಡಿ, ಉಪ್ಪುನೆಲ ಇಲ್ಲವಷ್ಟೇ?

4. ತಲೆಯ ಮೇಲೆ ವಿದ್ಯುತ್ ತಂತಿ ಇದೆಯೇ? (ಅಮೆರಿಕದ ನಿಯಮದಲ್ಲಿ 50 ಕಿಲೋವೋಲ್ಟ್‌ವರೆಗಿನ ತಂತಿಯಿಂದಲೂ ಕನಿಷ್ಠ 10 ಅಡಿ ದೂರವಿರಬೇಕು.)

5. ಇಂದಿನ ಗಾಳಿ ಎಷ್ಟು? ಯಂತ್ರದ ಮೇಲೆ ಬರೆದಿರುವ ಮಿತಿ ಎಷ್ಟು?

6. ಇಬ್ಬರ ತೂಕ, ಉಪಕರಣದ ತೂಕ, ಸಾಮಾನಿನ ತೂಕ ಕೂಡಿದರೆ ಮಿತಿಯೊಳಗಿದೆಯೇ?

7. ಬೆಲ್ಟು ಮೈಗೆ ಸರಿಯಾಗಿ ಬಿಗಿದಿದೆಯೇ? ಕೊಕ್ಕೆ ಬುಟ್ಟಿಯೊಳಗಿನ ಬಳೆಗೆ ಹಾಕಿದೆಯೇ? ತೊಲೆಗಾಗಲಿ ಕಂಬಕ್ಕಾಗಲಿ ಹಾಕಬೇಡ.

8. ಬಾಗಿಲು ಮುಚ್ಚಿದೆಯೇ? ಎರಡೂ ಕಾಲು ಬುಟ್ಟಿಯ ತಳದ ಮೇಲಿರಲಿ. ಕಟಕಟೆ ಹತ್ತಬೇಡ, ಬುಟ್ಟಿಯೊಳಗೆ ಏಣಿ ಇಡಬೇಡ.

9. ಕೆಳಗೆ ಜನ, ವಾಹನ ಬಾರದಂತೆ ಅಡ್ಡಗಟ್ಟಿದೆಯೇ?

10. ನನಗೇನಾದರೂ ಆದರೆ ಕೆಳಗಿನಿಂದ ಬುಟ್ಟಿ ಇಳಿಸಲು ಬಲ್ಲವನು ಯಾರು? ಅವನ ಹೆಸರು ಹೇಳು.

ಹತ್ತನೆಯ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಮೇಲೇರಬಾರದು. ಇದನ್ನು ನಾವು ಪಟ್ಟಿಯ ಕೊನೆಯಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದೆವು.

ಸಂಘಗಳು ಮಾಡಬಹುದಾದ ಕೆಲಸ

ಹಡಗಿನ ಕಾಲದಿಂದಲೂ ಕನ್ನಡ ಕರಾವಳಿಗೂ ಅರಬ್ ತೀರಕ್ಕೂ ನಂಟಿದೆ. ಭಟ್ಕಳದ ರೇವಿಗೆ ಅರಬ್ಬಿ ಕುದುರೆಗಳು ಬಂದಿಳಿಯುತ್ತಿದ್ದವೆಂದು ಇತಿಹಾಸದಲ್ಲಿ ಓದಿದ್ದೇವೆ. ಇಂದು ಆ ದಾರಿಯಲ್ಲಿ ದುಡಿಯುವ ಕೈಗಳು ಹೋಗುತ್ತಿವೆ. ಅವರು ಹೊರಡುವ ಮೊದಲೇ ತಿಳಿಯಬೇಕಾದ ಕೆಲವು ಸಂಗತಿಗಳುಂಟು. ಭಾರತ ಸರ್ಕಾರವು ವಲಸೆ ಅನುಮತಿ ಅಗತ್ಯವೆಂದು ಗುರುತಿಸಿದ ದೇಶಗಳಲ್ಲಿ ಒಮಾನ್ ಸಹ ಒಂದು. ಹಾಗೆ ಅನುಮತಿ ಪಡೆದು ಹೊರಡುವವರಿಗೆ ‘ಪ್ರವಾಸಿ ಭಾರತೀಯ ಬೀಮಾ ಯೋಜನೆ’ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಕಂತು, ಅದರ ಮೇಲೆ ತೆರಿಗೆ. ಅಪಘಾತದಲ್ಲಿ ಮರಣ ಅಥವಾ ಶಾಶ್ವತ ಅಂಗವೈಕಲ್ಯ ಉಂಟಾದರೆ 10 ಲಕ್ಷ ರೂಪಾಯಿಗಳ ವಿಮೆ. ಭೇಟಿ ವೀಸಾದ ಮೇಲೆ ಬಂದು ಇಲ್ಲಿ ಕೆಲಸಕ್ಕೆ ಸೇರುವವನು ಈ ಆಸರೆಯನ್ನು ಕಳೆದುಕೊಂಡೇ ಬರುತ್ತಾನೆ. ವಿಮೆ ಮಾಡಿಸಿದವರಲ್ಲಿಯೂ ಅದರ ಕಾಗದ ಮನೆಯವರ ಕೈಯಲ್ಲಿ ಇರುವುದಿಲ್ಲ. ಹೊರಡುವವನು ಅದರ ಪ್ರತಿಯೊಂದನ್ನು ತಾಯಿಗೋ ಹೆಂಡತಿಗೋ ಕೊಟ್ಟು ಹೊರಡಲಿ.

ಸಮ್ಮೇಳನಕ್ಕೆ ಬಂದಿರುವ ಗಣ್ಯರಲ್ಲಿ ಎಂಜಿನಿಯರುಗಳಿದ್ದೀರಿ, ಗುತ್ತಿಗೆದಾರರಿದ್ದೀರಿ, ಸುರಕ್ಷತಾ ತಜ್ಞರಿದ್ದೀರಿ, ಉದ್ಯಮಿಗಳಿದ್ದೀರಿ. ತಮ್ಮಲ್ಲಿ ನನ್ನ ಕೋರಿಕೆಗಳು ಮೂರು. ಮೊದಲನೆಯದು, ಪ್ರತಿ ಕನ್ನಡ ಸಂಘವೂ ವರ್ಷಕ್ಕೊಮ್ಮೆಯಾದರೂ ಒಂದು ರಜಾದಿನವನ್ನು ಇದಕ್ಕೆ ಮೀಸಲಿಟ್ಟು, ಬಲ್ಲವರಿಂದ ಕನ್ನಡದಲ್ಲಿ ಎತ್ತರದ ಕೆಲಸದ ಪಾಠವನ್ನು ಏರ್ಪಡಿಸಲಿ. ಕ್ಯಾಂಪಿನ ಹುಡುಗರು ಬರಲು ಬಸ್ಸಿನ ವ್ಯವಸ್ಥೆಯನ್ನೂ ಮಾಡಲಿ. ಎರಡನೆಯದು, ಕರ್ನಾಟಕದ ಐ.ಟಿ.ಐ.ಗಳಲ್ಲಿ ಎಲೆಕ್ಟ್ರಿಷಿಯನ್, ವೆಲ್ಡರ್, ಫಿಟ್ಟರ್ ಕಲಿಯುವವರಿಗೆ ಮ್ಯಾನ್‌ಲಿಫ್ಟಿನ ಪರಿಚಯ ಊರಿನಲ್ಲಿಯೇ ಆಗುವಂತೆ, ತಾವು ಓದಿದ ಊರಿನ ಒಂದೊಂದು ಸಂಸ್ಥೆಗೆ ನೆರವಾಗಿರಿ. ಮೂರನೆಯದು ಹಣ ಬೇಡದ ಕೆಲಸ. ತಮ್ಮ ಕಚೇರಿಯ ಗಾಜು ಒರೆಸುವವನು, ಸಭಾಂಗಣದ ದೀಪ ಸರಿಪಡಿಸುವವನು ಬುಟ್ಟಿಯೇರಿದಾಗ ಒಂದು ಕ್ಷಣ ನಿಂತು ನೋಡಿರಿ: ಕೊಕ್ಕೆ ಎಲ್ಲಿದೆ, ಕೆಳಗೆ ಯಾರಿದ್ದಾರೆ? ತಾವು ಕೇಳಿದರೆ ತಮ್ಮನ್ನು ಯಾರೂ ಊರಿಗೆ ಕಳಿಸುವುದಿಲ್ಲ. ಕೇಳಲಾರದವನ ಪರವಾಗಿ ಕೇಳುವ ಭಾಗ್ಯ ನಮ್ಮದು.

ನಮ್ಮ ಪಟ್ಟಿಯ ಪ್ರತಿಗಳು ಈಗ ಮಸ್ಕತ್ತಿನ ಕೆಲವು ಕ್ಯಾಂಪುಗಳ ಗೋಡೆಗಳ ಮೇಲಿವೆ. ಕೇಳಿದವರಿಗೆ ತೆಲುಗು, ತಮಿಳು, ಮಲಯಾಳಂ ಬಲ್ಲ ಗೆಳತಿಯರು ತಮ್ಮ ತಮ್ಮ ನುಡಿಯಲ್ಲಿಯೂ ಬರೆದುಕೊಟ್ಟಿದ್ದಾರೆ. ಗದಗದ ಆ ಹುಡುಗ ಇಂದು ಲಿಫ್ಟ್ ಚಾಲಕ. ಹೊಸದಾಗಿ ಬಂದವರನ್ನು ಬುಟ್ಟಿಗೆ ಹತ್ತಿಸುವ ಮೊದಲು ಹತ್ತನೆಯ ಪ್ರಶ್ನೆಯನ್ನು ತಾನೇ ಕೇಳುತ್ತಾನಂತೆ. ಒಂದು ಪುಟದಿಂದ ಎಲ್ಲ ಅಪಘಾತಗಳೂ ತಪ್ಪುತ್ತವೆಂಬ ಭ್ರಮೆ ನನಗಿಲ್ಲ. ಕಾನೂನು, ತಪಾಸಣೆ, ಮಾಲಿಕರ ಮನಸ್ಸು ಎಲ್ಲವೂ ಕೂಡಿಬರಬೇಕು. ಆದರೆ ತನ್ನ ಜೀವಕ್ಕೆ ಸಂಬಂಧಿಸಿದ ಮಾತನ್ನು ತನ್ನ ತಾಯಿನುಡಿಯಲ್ಲಿ ಓದುವ ಹಕ್ಕು ಪ್ರತಿಯೊಬ್ಬ ದುಡಿಮೆಗಾರನಿಗೂ ಇದೆ. ಅದನ್ನು ಒದಗಿಸುವ ಶಕ್ತಿ ನಮ್ಮ ಸಂಘಗಳಿಗೆ ಇದೆ. ಮುಂದಿನ ಸಮ್ಮೇಳನದಲ್ಲಿ ನಾವು ಮತ್ತೆ ಸೇರುವ ಹೊತ್ತಿಗೆ ಇಂಥ ಪಟ್ಟಿಗಳು ಹತ್ತಾರು ಊರುಗಳ ಗೋಡೆಗಳ ಮೇಲಿರಲಿ, ಮೇಲೇರಿದ ಪ್ರತಿಯೊಬ್ಬನೂ ಸಂಜೆ ಕ್ಷೇಮವಾಗಿ ನೆಲ ಮುಟ್ಟಲಿ ಎಂದು ಹಾರೈಸುತ್ತೇನೆ.